ಟ್ರ್ಯಾಕ್ಟರ್ ಮೇಲೆ ಕೂತು ಮಾಡಿದ ನನ್ನ ದಾಖಲೆಯನ್ನು ಅಳಿಸಿಕೊಡುವ ಕುರಿತು

ನನ್ನ ಫೋನಿನಲ್ಲಿ ವಾಸವಾಗಿದ್ದುಕೊಂಡು, ಹಾಸ್ಟೆಲ್ ಗಂಟೆಗಿಂತ ಮೊದಲೇ ನನ್ನನ್ನು ಎಬ್ಬಿಸಿ ನಾಚಿಕೆಪಡಿಸುವ 'ಓಟಮಿತ್ರ' ಆ್ಯಪ್‌ನ ಸನ್ನಿಧಿಗೆ,

ಮಾನ್ಯರೇ,

ಮೂಡಲಗಿಯ ಹಾಸ್ಟೆಲ್‌ನಿಂದ, ಬಿ.ಎಸ್ಸಿ. ಮೊದಲ ವರ್ಷದ ಆಮ್ರಪಾಲಿಯ ಪ್ರಣಾಮಗಳು. ಐದನೇ ಇಯತ್ತೆಯಿಂದ ಹಾಸ್ಟೆಲ್‌ನಲ್ಲೇ ಬೆಳೆದವಳಾದ್ದರಿಂದ ಗಂಟೆ ಬಾರಿಸಿದರೆ ಏಳುವುದು, ಬೈದರೆ ಸಾರಿ ಅನ್ನುವುದು ನನಗೆ ರೂಢಿ. ಹಾಗಾಗಿಯೇ "ನಿಮ್ಮ ಪ್ರತಿಸ್ಪರ್ಧಿ ನೀವೇ, ನಿನ್ನೆಯ ನಿಮ್ಮನ್ನು ಇಂದು ಸೋಲಿಸಿ" ಎಂದು ತಾವು ಅಪ್ಪಣೆ ಕೊಟ್ಟ ದಿನದಿಂದ ತುಕ್ಕಾನಟ್ಟಿ ರಸ್ತೆಯಲ್ಲಿ ಒಂದು ಬೆಳಗೂ ತಪ್ಪಿಸದೆ ಓಡುತ್ತಿದ್ದೇನೆ. ಮೊದಲ ದಿನ ಐದು ಕಿಲೋಮೀಟರಿಗೆ ನಲವತ್ತೊಂದು ನಿಮಿಷ. ಎರಡು ತಿಂಗಳಲ್ಲಿ ಮೂವತ್ತೈದಕ್ಕೆ ಇಳಿದೆ.

ಅಷ್ಟರಲ್ಲಿ ಆ ಮಂಗಳವಾರ ಬಂತು. ಅರ್ಧ ಕಿಲೋಮೀಟರ್ ಆಗುವಷ್ಟರಲ್ಲಿ ಪಕ್ಕೆ ಹಿಡಿದು ನಿಂತವಳನ್ನು ಕಂಡು, ಕಬ್ಬು ಹೇರಿಕೊಂಡು ಹೊರಟಿದ್ದ ಸಿದ್ರಾಯ ಕಾಕಾ ಟ್ರ್ಯಾಕ್ಟರ್ ನಿಲ್ಲಿಸಿ, "ಯಾಕವ್ವಾ, ಬಸ್ ತಪ್ಪೇತೇನ? ಹಿಂಗ ಓಡಿದ್ರ ಸಿಗತೈತೇನ ಅದು? ಹತ್ತ ಬಾ" ಅಂದರು. ಹತ್ತಿದೆ. ಅವರು ಕೊಟ್ಟ ಕಬ್ಬು ತಿನ್ನುವ ಸಂಭ್ರಮದಲ್ಲಿ ತಮ್ಮನ್ನು ಬಂದ್ ಮಾಡುವುದನ್ನು ಮರೆತೆ. ಇಪ್ಪತ್ತೆರಡನೇ ನಿಮಿಷಕ್ಕೆ ಐದು ಕಿಲೋಮೀಟರ್ ತುಂಬಿದ್ದೇ ತಾವು ಜೇಬಿನಲ್ಲೇ ಚಪ್ಪಾಳೆ ಬಾರಿಸಿ, "ಅದ್ಭುತ! ಇದು ನಿಮ್ಮ ಪರ್ಸನಲ್ ಬೆಸ್ಟ್!" ಎಂದು ಸಾರಿದಿರಿ. ಟೈರ್ ಒಡೆಯಿತೆಂದು ಬೆದರಿ ಕಾಕಾ ಬ್ರೇಕ್ ಒತ್ತಿದರು.

ತಮ್ಮ ಸಮದೃಷ್ಟಿಯನ್ನು ಎಷ್ಟು ಹೊಗಳಲಿ! ನನ್ನನ್ನೂ ಎರಡು ಟ್ರೇಲರ್ ಕಬ್ಬನ್ನೂ ಬೇರೆ ಬೇರೆ ಎಂದೆಣಿಸದ ದೊಡ್ಡ ಮನಸ್ಸು ತಮ್ಮದು. ಅಂದಿನಿಂದ, ಓಡುವ ನಾನು ಕೂತು ಕಬ್ಬು ತಿಂದ ನನ್ನನ್ನು ಸೋಲಿಸಬೇಕಾಗಿದೆ. ಉಸಿರು ಕಟ್ಟಿ ಮೂವತ್ತನಾಲ್ಕಕ್ಕೆ ಮುಟ್ಟಿದರೂ, "ನಿಮ್ಮ ಸಾಮರ್ಥ್ಯಕ್ಕಿಂತ ಹನ್ನೆರಡು ನಿಮಿಷ ಹಿಂದಿದ್ದೀರಿ, ಮನಸ್ಸು ಮಾಡಿ" ಎನ್ನುತ್ತೀರಿ. ಮನಸ್ಸು ಮಾಡಿದ್ದೇನೆ, ಡೀಸೆಲ್ ಕುಡಿಯುವುದೊಂದೇ ಬಾಕಿ.

ಇಷ್ಟೇ ಆಗಿದ್ದರೆ ಸ್ಟ್ರೆಸ್ ನನ್ನೊಬ್ಬಳದು. ಆದರೆ ತಾವು ಆ ದಾಖಲೆಯನ್ನು ಕಾಲೇಜಿನ ಓಟಗಾರರ ಗುಂಪಿಗೂ ಕಳಿಸಿದಿರಿ. ದೈಹಿಕ ಶಿಕ್ಷಣದ ದ್ರಾಕ್ಷಾಯಿಣಿ ಮೇಡಂ ಅದನ್ನು ನೋಡಿ, ಬರುವ ಭಾನುವಾರ ಹುಕ್ಕೇರಿಯಲ್ಲಿ ನಡೆಯುವ ಅಂತರಕಾಲೇಜು ಓಟಕ್ಕೆ ನನ್ನ ಹೆಸರು ಬರೆದು, ಸ್ವಂತ ಕಾಲಿನಲ್ಲೇ ಇಪ್ಪತ್ತಾರು ನಿಮಿಷಕ್ಕೆ ಓಡಿ ಮುಗಿಸುವ ಕಾಜಲ್‌ಳ ಹೆಸರು ಹೊಡೆದುಹಾಕಿದರು. "ಎಷ್ಟ ಸುಮ್ಮ ಇರ್ತಿದ್ದಿ ಹುಡುಗಿ, ಒಳಗ ಬೆಂಕಿ ಐತಿ ನೋಡ" ಎಂದು ಅವರು ಬೆನ್ನು ತಟ್ಟಿದಾಗ, ಹಾಸ್ಟೆಲ್ ರೂಢಿ, "ಥ್ಯಾಂಕ್ಯೂ ಮೇಡಂ" ಅಂದುಬಿಟ್ಟೆ. ಕಾಜಲ್ ನನ್ನ ರೂಮಿನವಳೇ. ಒಂಬತ್ತು ದಿನದಿಂದ ತನ್ನ ಬೂಟು ಒರೆಸಿ ಮಂಚದ ಕೆಳಗೆ ಇಡುತ್ತಾಳೆ. ಮೊನ್ನೆ, "ನಿನ್ನ ಬೂಟ್ ಹರದಾವಲ್ಲ, ಹುಕ್ಕೇರಿಗೆ ನನ್ನವ ಹಾಕ್ಕೊಂಡ ಹೋಗ" ಅಂದಳು.

ಆದಕಾರಣ ಆ ದಾಖಲೆಯನ್ನು ಅಳಿಸಿ, ಮೇಡಂ ಅವರಿಗೆ ತಾವೇ ಸತ್ಯ ತಿಳಿಸಿ ಕೃಪೆ ಮಾಡಬೇಕು, ನನಗೆ ಧೈರ್ಯ ಸಾಲದು. ಅದು ಆಗದಿದ್ದರೆ, ಎದೆಗೆ ನಂಬರ್ ಕಟ್ಟಿ ಕಾಕಾನ ಟ್ರ್ಯಾಕ್ಟರನ್ನೇ ಹುಕ್ಕೇರಿಗೆ ಕಳಿಸಬೇಕು. ಅದೂ ಆಗದಿದ್ದರೆ, ಪ್ಲೀಸ್, ಶನಿವಾರ ಮುಗಿದ ಕೂಡಲೇ ಸೋಮವಾರ ಬರುವಂತೆ ಒಂದು ಅಪ್‌ಡೇಟ್ ಬಿಡಬೇಕು.

ಮೂವತ್ತನಾಲ್ಕು ನಿಮಿಷದವಳಾಗಿಯೇ ಉಳಿಯಬಯಸುವ,
ತಮ್ಮ ವಿಶ್ವಾಸಿ,
ಆಮ್ರಪಾಲಿ

ತಾ.ಕ.: ತಮ್ಮಿಂದ ಉತ್ತರವಿಲ್ಲದ್ದರಿಂದ ಮರುದಿನ ನಾನೇ ಹೋಗಿ ಮೇಡಂಗೆ ಎಲ್ಲ ಹೇಳಿದೆ. ಅವರು "ಟ್ರ್ಯಾಕ್ಟರ್ ಖಾಲಿ ಇತ್ತೋ, ಲೋಡ್ ಇತ್ತೋ?" ಎಂದು ಕೇಳಿ, ಕಾಜಲ್‌ಳ ಹೆಸರು ಮತ್ತೆ ಬರೆದರು. "ನಿಂದ ಖರೆ ಟೈಮ್ ಎಷ್ಟ?" ಅಂದರು. ಹೇಳಿದೆ. "ಮುಂದಿನ ತಿಂಗಳ ಮೂವತ್ತಮೂರ ತೋರ್ಸ, ಹೋಗ" ಅಂದರು. ಹಾಸ್ಟೆಲ್‌ನಿಂದ ಅವರ ಕೋಣೆಗೆ ಇನ್ನೂರು ಹೆಜ್ಜೆ. ನನಗೆ ಹತ್ತು ದಿನ ಹಿಡಿಯಿತು. ವಾಪಸ್ ಬಂದು ಫೋನ್ ತೆಗೆದರೆ ತಾವು ಬರೆದಿದ್ದಿರಿ: "ಇಂದು ನಿಮ್ಮಿಂದ ಯಾವ ಸಾಧನೆಯೂ ಆಗಿಲ್ಲ."