ಹೊಸ ಬಟ್ಟೆಗೆ ಸ್ನಾನ ಮಾಡಿಸುವ ಅತ್ತಿಗೆ

ನನ್ನ ಅತ್ತಿಗೆಯ ಕೈಗೆ ಸಿಕ್ಕಿದ ಯಾವ ಹೊಸ ಬಟ್ಟೆಯೂ ಹೊಸದಾಗಿ ಉಳಿದದ್ದಿಲ್ಲ! ಕಾಪುವಿನ ನನ್ನ ತವರುಮನೆಯಲ್ಲೇ ಹೊಲಿಗೆ ಮಾಡುವ ಅವರು, ಕತ್ತರಿ ಮುಟ್ಟುವ ಮೊದಲು ಬಟ್ಟೆಯನ್ನು ಬಕೆಟಿನಲ್ಲಿ ಮುಳುಗಿಸಿ, ಒಣಗಿಸಿ, ಇಸ್ತ್ರಿ ಮಾಡುತ್ತಾರೆ. ಲೈನಿಂಗ್ ಬಟ್ಟೆಗೂ ಸ್ನಾನ, ಸೀರೆಯ ಫಾಲ್ಸ್‌ಗೂ ಸ್ನಾನ. ಲಂಗದ ಲಾಡಿಯೊಂದು ತಂತಿಯ ಮೇಲೆ ನೀರು ತೊಟ್ಟಿಕ್ಕಿಸುತ್ತ ನೇತಾಡುವುದನ್ನು ನಾನೇ ಕಂಡಿದ್ದೇನೆ. ಮಳೆಗಾಲದಲ್ಲಿ ರವಿಕೆ ಕೊಟ್ಟರೆ ಸಿಗುವುದು ದೀಪಾವಳಿಗೆ!

ಒಮ್ಮೆ ಹೆಂಗಸೊಬ್ಬರು, ತಾವು ಹಿಂದಿನ ದಿನ ಕೊಟ್ಟ ಬಟ್ಟೆ ಬಕೆಟಿನಲ್ಲಿ ತೇಲುವುದನ್ನು ನೋಡಿ ಕಿರುಚಿದರು: "ಇದೆಂತ ಮಾರಾಯ್ರೆ! ನಾನು ಕೊಟ್ಟದ್ದು ಹೊಲಿಯಲಿಕ್ಕೆ, ಒಗೆಯಲಿಕ್ಕಲ್ಲ!"

"ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ನಿಮ್ಮ ಮೈಮೇಲೆ ಕುಗ್ಗುವುದು ಬೇಡ" ಎಂದರು ಅತ್ತಿಗೆ, ಶಾಂತವಾಗಿ.

ಆ ಹೆಂಗಸು ಮರುವಾರ ಇಬ್ಬರು ತಂಗಿಯರನ್ನೂ ಕರೆದುಕೊಂಡು ಬಂದರು. ನನಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಯಾಕೆಂದರೆ ನಾನೂ ಹೊಲಿಯುತ್ತೇನೆ. ಪರ್ಕಳದ ನನ್ನ ಮನೆಯಲ್ಲಿ ಮೋಟಾರು ಜೋಡಿಸಿದ ಮಿಷನ್ ಇದೆ. ಬೆಳಿಗ್ಗೆ ಬಟ್ಟೆ ಕೊಟ್ಟರೆ ಸಂಜೆಗೆ ರವಿಕೆ ತಯಾರು! ಆದರೂ ನನ್ನ ಹೆತ್ತ ತಾಯಿ, ನನಗೆ ಸೂಜಿ ಹಿಡಿಯಲು ಕಲಿಸಿದ ತಾಯಿ, ತನ್ನ ರವಿಕೆಗಳನ್ನೆಲ್ಲ ಹೊಲಿಸುವುದು ಸೊಸೆಯ ಕೈಯಲ್ಲಿ. "ಅವಳದ್ದು ಮೈಗೆ ಕೂರ್ತದೆ" ಅಂತೆ. ನಾನು ಹೊಲಿದದ್ದು ಎಂತ, ಬೇಲಿಯ ಮೇಲೆ ಕೂರ್ತದಾ?

ಕಾರ್ಕಳದಲ್ಲಿ ಚಿಕ್ಕಮ್ಮನ ಮಗಳ ಮದುವೆ ಬಂತು. ಅಮ್ಮ ತಂದಿಟ್ಟ ಕೆಂಪು ಕಾಟನ್ ಬಟ್ಟೆಯನ್ನು, ಅದು ಬಕೆಟ್ ಸೇರುವ ಮೊದಲೇ ನಾನು ಎಗರಿಸಿದೆ. ಒಂದೇ ದಿನದಲ್ಲಿ ಹೊಲಿದೆ. ಮದುವೆಯ ಹಾಲ್‌ನಲ್ಲಿ ಅಮ್ಮ ಸಿಕ್ಕಿದವರಿಗೆಲ್ಲ ತೋಳು ತೋರಿಸಿ, "ಮಗಳು ಹೊಲಿದದ್ದು" ಎಂದರು. ನಾನು ಬೇಕೆಂದೇ ಅತ್ತಿಗೆಯ ಮುಂದೆ ಮೂರು ಸಲ ಹಾದುಹೋದೆ.

ಆಮೇಲೆ ಅಮ್ಮ ಅದನ್ನು ಒಗೆದರು.

ಮರು ಭಾನುವಾರ ಕಾಪುವಿಗೆ ಹೋದರೆ, ಅಮ್ಮನ ಒಂದು ಕೈ ರವಿಕೆಯ ತೋಳಿನೊಳಗೆ ಸಿಕ್ಕಿಕೊಂಡಿತ್ತು, ಇನ್ನೊಂದು ಗಾಳಿಯಲ್ಲಿತ್ತು. ಅತ್ತಿಗೆ ಹೇಗೋ ಎಳೆದು ತೆಗೆದು, ರವಿಕೆಯನ್ನು ಒಳಹೊರಗು ಮಾಡಿ ನೋಡಿದರು. ಅವರಿಗೆ ತಿಳಿಯದ್ದೇ? ಬಟ್ಟೆ ಕುಗ್ಗಿ ಲೈನಿಂಗ್ ಸುಕ್ಕುಸುಕ್ಕಾಗಿ ಹೊರಗೆ ಇಣುಕುತ್ತಿತ್ತು.

"ಹೊಲಿಗೆ ಸರಿಯಾಗಿಯೇ ಉಂಟು ಅತ್ತೆ" ಎಂದರು ಅತ್ತಿಗೆ. "ನೀವೇ ಸ್ವಲ್ಪ ದಪ್ಪ ಆಗಿದ್ದೀರಿ. ಮದುವೆ ಊಟ ಅಲ್ವಾ!"

ಅಮ್ಮ ತೋಳನ್ನು ಚಿವುಟಿ ನೋಡಿಕೊಂಡರು. "ಹೌದಾ? ಹಾಗಾದರೆ ಇನ್ನು ಹದಿನೈದು ದಿನ ಬರೀ ಗಂಜಿ" ಎನ್ನುತ್ತ ಒಳಗೆ ಹೋದರು.

ಅತ್ತಿಗೆ ನನ್ನನ್ನು ಕಿಟಕಿಯ ಬಳಿಗೆ ಕರೆದು, "ನೀನು ಆ ಬದಿ ಬಿಚ್ಚು, ನಾನು ಈ ಬದಿ. ಹೊಲಿಗೆಯ ಒಳಗೆ ಹೆಚ್ಚಿಗೆ ಬಟ್ಟೆ ಬಿಟ್ಟಿದ್ದಿ, ಸಡಿಲ ಮಾಡಲಿಕ್ಕೆ ಸಾಕಾಗ್ತದೆ" ಎಂದರು. ಇಬ್ಬರೂ ತಲೆ ತಗ್ಗಿಸಿ ನೂಲು ಕೀಳತೊಡಗಿದೆವು.

"ಅತ್ತಿಗೆ, ಅದು ನಾನು..."

"ಗೊತ್ತುಂಟು ಮಾರಾಯ್ತಿ. ಆದರೆ ತೋಳು ಎಷ್ಟು ಚಂದ ಕೂರಿಸಿದ್ದಿ! ನನಗೆ ಇಷ್ಟು ನೀಟಾಗಿ ಬರುವುದಿಲ್ಲ." ಅವರು ಇನ್ನೊಂದು ನೂಲು ಕಿತ್ತು, ತಲೆ ಎತ್ತದೆಯೇ ಹೇಳಿದರು: "ಅತ್ತೆ ಅಲ್ಲಿ ಎಲ್ಲರಿಗೂ ತೋರಿಸ್ತಾ ಇದ್ದರಲ್ಲ, ನನ್ನ ಹೊಟ್ಟೆ ಎಷ್ಟು ಉರಿದಿತ್ತು ಗೊತ್ತುಂಟಾ?"

ಕಣ್ಣು ತುಂಬಿ, ನನಗೆ ಕೈಯಲ್ಲಿದ್ದ ನೂಲು ಎರಡೆರಡಾಗಿ ಕಾಣತೊಡಗಿತು.