ನಮ್ಮ ಶಾಸಕರ ವಾರದ ಕಾಗದ

ನಗು ಬರುವಂಥದ್ದು ಏನೂ ನಡೆಯದೆ ಒಂದು ವಾರ ಕಳೆದುಹೋದರೆ, ಆಫೀಸಿನಲ್ಲಿ ಏನನ್ನೋ ಮರೆತು ಬಂದ ಹಾಗೆ ನನಗೆ ಕಸಿವಿಸಿಯಾಗುತ್ತದೆ. ಆದರೆ ಅಂಥ ವಾರಗಳು ಕಡಿಮೆ.

ಊಟಿಯಲ್ಲಿ ಮಾರ್ಕೆಟ್ಟಿನ ಮೇಲಿನ ರಸ್ತೆಯಲ್ಲಿರುವ ಶಾಸಕರ ಕಚೇರಿಯಲ್ಲಿ ನಾನು ಬರವಣಿಗೆಯ ಕೆಲಸಕ್ಕಿದ್ದೇನೆ. ನಮ್ಮ ತಂದೆ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ತರಕಾರಿ ಮಂಡಿ ಇಟ್ಟವರು. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಹಾಗಾಗಿ ಶಾಸಕರು ನನ್ನನ್ನು ಇವತ್ತಿಗೂ ಟೀಚರಮ್ಮ ಎಂದೇ ಕರೆಯುವುದು.

ಅವರು ಇಲ್ಲಿನ ಬಡಗರ ಹಟ್ಟಿಯೊಂದರ ರೈತರ ಮನೆಯವರು, ಹಳೆಯ ಕಾಲದ ಮನುಷ್ಯ. ಹಿರಿಯರ ಮಾತು, ಕೂಡುಕುಟುಂಬ, ಸೈನ್ಯ, ಶಿಸ್ತು, ತಾಯ್ನುಡಿ, ಇವುಗಳ ಮೇಲೆ ಅವರಿಗೆ ಗಟ್ಟಿಯಾದ ಅಭಿಪ್ರಾಯಗಳಿವೆ. ಜನ ಅವರ ಬಳಿ ಬರುವುದು ಚರಂಡಿ, ಬಸ್ಸು, ಟೀ ಎಲೆಯ ಬೆಲೆ ಅಂತ. ಆ ಕೆಲಸಗಳನ್ನೂ ಓಡಾಡಿ ಮಾಡಿಸುತ್ತಾರೆ. ಆದರೆ ಮನಸ್ಸೆಲ್ಲ ಇರುವುದು ದೇಶದ ಮೇಲೆ. ಪ್ರತಿ ಶುಕ್ರವಾರ ದೇಶದ ಒಂದು ಸಮಸ್ಯೆ ಹಿಡಿದು ಬಡಗ ಮಾತಿನಲ್ಲಿ ಹೇಳುತ್ತಾರೆ, ನಾನು ಅದನ್ನು ತಮಿಳಿನಲ್ಲೂ ಕನ್ನಡದಲ್ಲೂ ಬರೆಯುತ್ತೇನೆ. ಅದು ಅಚ್ಚಾಗಿ ಹಟ್ಟಿ ಹಟ್ಟಿಗೂ ಹೋಗುತ್ತದೆ. ಅದಕ್ಕೆ ವಾರದ ಕಾಗದ ಎಂದು ಹೆಸರು.

ಒಂದಿಂಚೂ ಬಿಡಬಾರದು

ಒಂದು ಶುಕ್ರವಾರದ ವಿಷಯ ದೇಶದ ಗಡಿ. ಶಾಸಕರು ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತ ಹೇಳುತ್ತಿದ್ದರು. ಹಿರಿಯರು ಬಿಟ್ಟುಹೋದ ಭೂಮಿಯಲ್ಲಿ ಒಂದಿಂಚೂ ಬಿಡಬಾರದು, ಇವತ್ತು ಒಂದಿಂಚು ಬಿಟ್ಟವನು ನಾಳೆ ಅಂಗಳವನ್ನೇ ಬಿಡಬೇಕಾಗುತ್ತದೆ ಎಂದೆಲ್ಲ.

ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೋತಗಿರಿ ಕಡೆಯ ಒಬ್ಬ ಮುದುಕರು ಕೂತಿದ್ದರು. ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತಿದ್ದವರು ಕೊನೆಕೊನೆಗೆ ಹೊದ್ದ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡರು. ಶಾಸಕರ ಮನಸ್ಸು ತುಂಬಿಬಂತು. ನಿಜವಾದ ದೇಶಭಕ್ತರು ಇರುವುದು ಹಟ್ಟಿಗಳಲ್ಲೇ ಎಂದು ನನಗೆ ಹೇಳಿ, ಹೋಗಿ ಅವರ ಪಕ್ಕದಲ್ಲೇ ಕೂತರು.

"ನೀವು ಹೇಳಿದ್ದು ಪೂರಾ ಸರಿ ಅಯ್ಯಾ. ಒಂದು ಸಲ ಬಂದು ಇದನ್ನೇ ನನ್ನ ತಮ್ಮನಿಗೂ ಹೇಳಿಬಿಡಿ. ಬೇಲಿಯನ್ನು ಒಂದೂವರೆ ಅಡಿ ಈಚೆಗೆ ಹಾಕಿಕೊಂಡಿದ್ದಾನೆ."

ಅಣ್ಣತಮ್ಮಂದಿರು ಮಾತು ಬಿಟ್ಟು ಮೂರು ವರ್ಷವಾಗಿತ್ತಂತೆ. ಕೂಡುಕುಟುಂಬದ ಬಗ್ಗೆ ಅಷ್ಟೊಂದು ಬರೆದವರು ಸುಮ್ಮನಿರುವುದು ಹೇಗೆ? ಮುಂದಿನ ವಾರವೇ ಹೋದೆವು. ಟೀ ಗಿಡಗಳ ನಡುವೆ ಬೇಲಿಯ ಆಚೆ ತಮ್ಮ ಆಗಲೇ ಸಿದ್ಧವಾಗಿ ನಿಂತಿದ್ದ. ಅವನ ಕೈಯಲ್ಲಿ ನಾನೇ ಬರೆದ ಆ ವಾರದ ಕಾಗದ. ಒಂದಿಂಚೂ ಬಿಡಬಾರದು ಅಂತ ನೀವೇ ಬರೆದಿದ್ದೀರಿ, ಈಗ ನಾನು ಒಂದೂವರೆ ಅಡಿ ಬಿಡುವುದು ಹೇಗೆ ಎಂದು ಕೇಳಿದ.

ಶಾಸಕರು ಅದು ದೇಶದ ಗಡಿಯ ಮಾತು, ಒಡಹುಟ್ಟಿದವರ ನಡುವೆ ಹಾಗಲ್ಲ ಎಂದು ಬಿಡಿಸಿ ಹೇಳಿದರು. ಅಣ್ಣ, ತಮ್ಮ ಇಬ್ಬರೂ ಒಟ್ಟಿಗೆ, "ಕಾಗದದಲ್ಲಿ ಹಾಗೆ ಬರೆದಿಲ್ಲವಲ್ಲ" ಎಂದರು. ಮೂರು ವರ್ಷಗಳಲ್ಲಿ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಅದೇ ಮೊದಲು. ಅದು ಅವರಿಗೂ ಹೊಳೆದಿರಬೇಕು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕುಬಿಟ್ಟರು. ತಮ್ಮನ ಮನೆಯಲ್ಲಿ ಎಲ್ಲರಿಗೂ ಕಾಫಿಯಾಯಿತು. ಬೇಲಿ ಮುಕ್ಕಾಲು ಅಡಿ ಹಿಂದೆ ಹೋಯಿತು.

ಆ ಶುಕ್ರವಾರದ ಕಾಗದದ ವಿಷಯ: ಸ್ವಲ್ಪ ಬಿಟ್ಟುಕೊಡುವುದೇ ನಮ್ಮ ಸಂಸ್ಕೃತಿ.

ನಡುವಿನದು

ತಾಯ್ನುಡಿಯ ಬಗ್ಗೆ ಬರೆದ ವಾರ ಶಾಸಕರು ಒಂದು ಕಟ್ಟಳೆ ಮಾಡಿದರು. ಬಂದ ಜನ ಹೇಗಾದರೂ ಮಾತಾಡಲಿ, ನಾವು ಮಾತ್ರ ಆಫೀಸಿನಲ್ಲಾಗಲಿ ಕಾರಿನಲ್ಲಾಗಲಿ ಒಂದು ಇಂಗ್ಲಿಷ್ ಪದವನ್ನೂ ಆಡಬಾರದು. ಯಾವ ಭಾಷೆಯಾದರೂ ಸರಿ, ಅದು ಈ ನೆಲದ್ದಾಗಿರಬೇಕು.

ಸೋಮವಾರ ಉತ್ಸಾಹವಿತ್ತು. ಮಂಗಳವಾರ ನಾನು ಸ್ಟೇಪ್ಲರ್ ಬೇಕಾದಾಗ ಹೆಬ್ಬೆರಳು ತೋರುಬೆರಳು ಸೇರಿಸಿ ಒತ್ತಿ ತೋರಿಸತೊಡಗಿದೆ. ಬುಧವಾರದ ಹೊತ್ತಿಗೆ ಕಚೇರಿ ಪರೀಕ್ಷೆಯ ಕೋಣೆಯ ಹಾಗೆ ನಿಶ್ಶಬ್ದವಾಯಿತು. ಶಾಸಕರು ಅದನ್ನು ಶಿಸ್ತು ಎಂದುಕೊಂಡು ಸಂತೋಷಪಟ್ಟರು.

ಗುರುವಾರ ಗೂಡಲೂರಿಗೆ ಹೊರಟೆವು. ನಮ್ಮ ಡ್ರೈವರ್ ಗೂಡಲೂರಿನವನೇ. ಮನೆಯಲ್ಲಿ ಮಲಯಾಳ, ನಮ್ಮ ಜೊತೆ ತಮಿಳು, ಕನ್ನಡ, ಎರಡೂ. ನಡುವಟ್ಟ ದಾಟಿ ಇಳಿಜಾರಿನ ತಿರುವುಗಳು ಶುರುವಾದ ಮೇಲೆ ಅವನು ಗಂಟಲು ಸರಿಮಾಡಿಕೊಂಡು, ಒಂದು ವಿಷಯ ಹೇಳಬೇಕಿತ್ತು ಅಯ್ಯಾ ಎಂದ. ಶಾಸಕರು ಹೇಳು ಎಂದರು. ಅವನು ಯೋಚಿಸಿದ. ಒಂದು ತಿರುವು ಕಳೆಯಿತು.

"ಕಾಲಿನಲ್ಲಿ ಒತ್ತುವುದು ಮೂರು ಇದೆಯಲ್ಲ ಅಯ್ಯಾ. ಅದರಲ್ಲಿ ನಡುವಿನದು."

"ಅದಕ್ಕೇನೀಗ?"

ಇನ್ನೊಂದು ತಿರುವು. ಈ ಸಲ ಕಾರು ಸ್ವಲ್ಪ ಅಗಲವಾಗಿ ತಿರುಗಿತು.

"ಅದು ಅದರ ಕೆಲಸ ಸರಿಯಾಗಿ ಮಾಡುತ್ತಿಲ್ಲ."

ಶಾಸಕರಿಗೆ ಅರ್ಥವಾಗಲು ಅರ್ಧ ಕ್ಷಣ ಬೇಕಾಯಿತು. ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು, "ಬ್ರೇಕ್ ಅಂತ ನೆಟ್ಟಗೆ ಹೇಳೋಕೆ ಏನಯ್ಯಾ ನಿನಗೆ" ಎಂದರು.

ಅವನು ಗಾಬರಿ ಬೀಳುವವನಲ್ಲ. ಗೇರ್ ಇಳಿಸಿ, ಕೈಯ ಬ್ರೇಕು ಎಳೆದು, ಗುಡ್ಡದ ಬದಿಗೆ ಉಜ್ಜಿಕೊಂಡೇ ಹೋಗಿ ಲಂಟಾನ ಪೊದೆಯೊಂದಕ್ಕೆ ಮೂತಿ ತೂರಿಸಿ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಶಾಸಕರು ಇಳಿದು ಅವನ ಬೆನ್ನು ತಟ್ಟಿ, ಗೂಡಲೂರು ಮುಟ್ಟುವವರೆಗೆ ಇಂಗ್ಲಿಷಿಗೆ ಅನುಮತಿ ಕೊಟ್ಟರು. ಆ ಅನುಮತಿಯನ್ನು ವಾಪಸ್ ತೆಗೆದುಕೊಂಡದ್ದು ನನಗೆ ನೆನಪಿಲ್ಲ.

ಮಾತುಕತೆ

ಮಸಿನಗುಡಿಯಲ್ಲಿ ಒಂದು ಸಭೆ. ಬಲಿಷ್ಠ ದೇಶ ಯಾರ ಮುಂದೆಯೂ ಹಿಂದೆ ಸರಿಯುವುದಿಲ್ಲ ಎನ್ನುವುದು ಭಾಷಣದ ವಿಷಯ. ದಾರಿಯುದ್ದಕ್ಕೂ ಶಾಸಕರು ಮುಂದಿನ ಸೀಟಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಒಂದು ಕಡೆ ರಸ್ತೆಗೆ ಅಡ್ಡವಾಗಿ ಆನೆ ನಿಂತಿತ್ತು. ಭಾಷಣ ಅರ್ಧ ವಾಕ್ಯಕ್ಕೇ ನಿಂತಿತು.

ಆನೆ ಎರಡು ಹೆಜ್ಜೆ ಈಚೆಗೆ ಬಂತು. ಹಿಂದಕ್ಕೆ ತೆಗಿ ಎಂದು ಶಾಸಕರು ಪಿಸುಗುಟ್ಟಿದರು. ಇನ್ನೆರಡು ಹೆಜ್ಜೆ ಬಂತು. ಇನ್ನೂ ಹಿಂದಕ್ಕೆ ಎಂದರು. ಹೀಗೆ ಮುಕ್ಕಾಲು ಗಂಟೆ.

ಸಭೆಯಲ್ಲಿ ಊರಿನ ಹಿರಿಯರು ತಡವಾದ ಕಾರಣ ಕೇಳಿದರು. ಶಾಸಕರು ಮೈಕಿನಲ್ಲೇ ಗಂಭೀರವಾಗಿ ಹೇಳಿದರು: "ದಾರಿಯಲ್ಲಿ ಒಂದು ಮಾತುಕತೆ ನಡೆಯುತ್ತಿತ್ತು. ಎದುರಿನವರು ಬಹಳ ದೊಡ್ಡವರು. ಸದ್ಯಕ್ಕೆ ನಾವು ಸ್ವಲ್ಪ ಹಿಂದೆ ಸರಿದಿದ್ದೇವೆ."

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೇಳಿದಳು, "ಒಂದು ದಂತ ಮುರಿದಿರೋದಾ ಅಯ್ಯಾ?"

ನಾಲ್ಕು ನಿಮಿಷ

ಹೊತ್ತಿಗೆ ಸರಿಯಾಗಿ ಬರದ ಜನಾಂಗ ಮುಂದೆ ಬರುವುದಿಲ್ಲ ಎಂದು ಶಾಸಕರು ಬರೆದ ಕಾಗದ ಸೈನ್ಯದ ನೆಲೆಯಿರುವ ವೆಲ್ಲಿಂಗ್ಟನ್ ಹತ್ತಿರದ ನಿವೃತ್ತ ಸೈನಿಕರಿಗೆ ಬಹಳ ಹಿಡಿಸಿತು. ಅದೇ ವಿಷಯದ ಮೇಲೆ ಮಾತಾಡಲು ಬರಬೇಕೆಂದು ಕರೆದರು. ಕಾರ್ಯಕ್ರಮ ಹತ್ತು ಗಂಟೆಗೆ. ಭಾಷಣದ ಪ್ರತಿಯನ್ನು ನಾನು ಮುಂಚಿನ ದಿನವೇ ಕಳಿಸಿದ್ದೆ. ಕೂನೂರಿನ ರಸ್ತೆಯಲ್ಲಿ ಪ್ರವಾಸಿಗರ ವಾಹನಗಳ ನಡುವೆ ಸಿಕ್ಕಿಕೊಂಡು, ನಾವು ಬಂದು ಇಳಿದಾಗ ಹತ್ತು ಗಂಟೆ ನಾಲ್ಕು ನಿಮಿಷ. ಈ ದೇಶದಲ್ಲಿ ಅದು ತಡವೇ ಅಲ್ಲ ಎಂದುಕೊಂಡು ಒಳಗೆ ಹೋದೆವು.

ವೇದಿಕೆಯ ಮೇಲೆ ಹವಾಲ್ದಾರರೊಬ್ಬರು ನೆಟ್ಟಗೆ ನಿಂತು ಕಾಗದ ನೋಡಿಕೊಂಡು ಓದುತ್ತಿದ್ದರು. ಅದು ಶಾಸಕರದೇ ಭಾಷಣ, ಎರಡನೇ ಪುಟಕ್ಕೆ ಬಂದಿತ್ತು. ನಮ್ಮನ್ನು ಕಂಡು ಓದು ನಿಲ್ಲಿಸಲಿಲ್ಲ, ಕೈಯಲ್ಲೇ ಕೂರುವಂತೆ ತೋರಿಸಿದರು. ಶಾಸಕರು ಹಿಂದಿನ ಸಾಲಿನಲ್ಲಿ ಕೂತು ತಮ್ಮ ಮಾತನ್ನು ತಾವೇ ಕೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದಾಗ ತಾವೂ ತಟ್ಟಿದರು.

ಟೀ ಕುಡಿಯುವಾಗ ಹವಾಲ್ದಾರರು ಬಂದು, ಭಾಷಣ ಬಹಳ ಚೆನ್ನಾಗಿತ್ತು ಎಂದು ಮೆಚ್ಚಿಕೊಂಡರು. ಆಮೇಲೆ ಸ್ವಲ್ಪ ಸಂಕೋಚದಿಂದ ಒಂದು ಮಾತು ಸೇರಿಸಿದರು.

"ನೀವೇ ಮಾತಾಡಿದ್ದರೆ ಇಷ್ಟು ಬೇಗ ಮುಗಿಯುತ್ತಿರಲಿಲ್ಲ."

ಮೂವತ್ತೊಂದನೇ ಚೀಟಿ

ಸೋಮವಾರ ಅರ್ಜಿಯ ದಿನ. ಬಂದವರಿಗೆ ನಾನು ನಂಬರಿನ ಚೀಟಿ ಕೊಡುತ್ತೇನೆ. ಶಾಸಕರಿಗೆ ಒಂದು ನಿಯಮವಿದೆ. ಅರ್ಜಿ ತೆಗೆದುಕೊಳ್ಳುವಾಗ ಮುಖ ನೋಡುವುದಿಲ್ಲ, ಮೊದಲು ಕಾಗದ ಓದುತ್ತಾರೆ. ಮುಖ ನೋಡಿದರೆ ನೆಂಟಸ್ತಿಕೆ ಶುರುವಾಗುತ್ತದೆ, ಅಲ್ಲಿಂದಲೇ ದೇಶ ಕೆಡುವುದು ಎನ್ನುತ್ತಾರೆ.

ಅವತ್ತು ಸಾಲಿನಲ್ಲಿ ಶಾಲು ಹೊದ್ದ ಒಬ್ಬ ಹೆಂಗಸು ನಿಂತಿದ್ದರು. ಹತ್ತಿರ ಬಂದಾಗ ನೋಡಿದರೆ ಶಾಸಕರ ಹೆಂಡತಿ. ನಾನು ಏಳಲು ಹೋದೆ. ಅವರು ತುಟಿಯ ಮೇಲೆ ಬೆರಳಿಟ್ಟು, ಚೀಟಿಗೆ ಕೈ ಚಾಚಿದರು. ಮೂವತ್ತೊಂದು ಕೊಟ್ಟೆ. ಎರಡು ಗಂಟೆ ಬೆಂಚಿನ ಮೇಲೆ ಗೂಡಲೂರು ಬಳಿಯ ದೇವಾಲದ ಟೀ ಎಸ್ಟೇಟ್ ಹೆಂಗಸರ ಜೊತೆ ಮಾತಾಡುತ್ತ ಕೂತಿದ್ದರು.

ಸರದಿ ಬಂದಾಗ ಅರ್ಜಿಯನ್ನು ಮೇಜಿನ ಮೇಲಿಟ್ಟು ನಿಂತರು. ಶಾಸಕರು ಗಟ್ಟಿಯಾಗಿ ಓದತೊಡಗಿದರು. ಹಿತ್ತಲ ಗೇಟು ಮುರಿದು ಎರಡು ವರ್ಷವಾಯಿತು. ಕಾಡೆಮ್ಮೆ ದಿನವೂ ಒಳಗೆ ಬರುತ್ತದೆ. ಬೀನ್ಸು ತಿಂದು ಮುಗಿಸಿ ಈಗ ಕ್ಯಾರೆಟ್ಟಿಗೆ ಕೈ ಹಾಕಿದೆ. ಮೊನ್ನೆ ಅಡಿಗೆಮನೆಯ ಬಾಗಿಲಿಗೇ ಬಂದು ನಿಂತಿತ್ತು. ಹೇಳಬೇಕಾದವರಿಗೆ ಹೇಳಿ ಹೇಳಿ ಸಾಕಾಗಿ ತಮ್ಮ ಬಳಿ ಬಂದಿದ್ದೇನೆ. ಇಂತಿ, ಒಬ್ಬ ಗೃಹಿಣಿ.

ಶಾಸಕರಿಗೆ ನಿಜವಾಗಿಯೂ ಸಿಟ್ಟು ಬಂತು. ಕಾಡೆಮ್ಮೆ ಎದುರಿಗೆ ಒಬ್ಬ ಹೆಣ್ಣುಮಗಳನ್ನು ಎರಡು ವರ್ಷ ಬಿಟ್ಟವರು ಎಂಥ ಜನ ಎಂದು ಕಾಗದಕ್ಕೇ ಹೇಳಿದರು. ಆಮೇಲೆ ತಲೆ ತಗ್ಗಿಸಿಕೊಂಡೇ ಕೇಳಿದರು.

"ಮನೆಯಲ್ಲಿ ಗಂಡಸರು ಯಾರೂ ಇಲ್ಲವಾ ಅಮ್ಮಾ?"

ಮನೆಯಲ್ಲಿ ಬಡಗ ಮಾತಾಡುವ ಅವರ ಹೆಂಡತಿ ಮೆಲುದನಿಯಲ್ಲಿ ತಮಿಳಿನಲ್ಲಿ, "ಒಬ್ಬರಿದ್ದಾರೆ ಅಯ್ಯಾ" ಎಂದರು.

"ಅವರು ಏನು ಮಾಡುತ್ತಾರೆ?"

"ದೇಶ ನೋಡಿಕೊಳ್ಳುತ್ತಾರೆ."

ಶಾಸಕರ ದನಿ ತಕ್ಷಣ ಮೆತ್ತಗಾಯಿತು. ಸೈನಿಕರ ಮನೆಗೆ ಹೀಗಾಗಬಾರದು ಎಂದುಕೊಂಡು ಪೆನ್ನು ತೆಗೆದು, ಅರ್ಜಿಯ ಮೇಲೆ ತುರ್ತು ಎಂದು ಬರೆದು ಎರಡು ಗೆರೆ ಎಳೆದರು.

"ಈಗ ಎಲ್ಲಿದ್ದಾರೆ ಅಮ್ಮಾ, ಕಾಶ್ಮೀರದಲ್ಲಾ?"

"ಇಲ್ಲ. ನೀವು ಕೂತಿರುವ ಕುರ್ಚಿಯಲ್ಲಿ."

ಬೆಂಚಿನ ಮೇಲಿದ್ದ ದೇವಾಲದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಶಾಸಕರು ತಲೆ ಎತ್ತಲು ಬಹಳ ಹೊತ್ತು ತೆಗೆದುಕೊಂಡರು. ಎತ್ತಿದಾಗ ಅವರ ಹೆಂಡತಿ, ಅರ್ಜಿ ತಲುಪಿದ್ದಕ್ಕೆ ಮುದ್ರೆ ಒತ್ತಿಕೊಡಿ ಎಂದು ನನ್ನ ಕಡೆ ಕೈ ಚಾಚಿ ನಿಂತಿದ್ದರು.