ಕೋಟೆಯ ಮಣ್ಣೂ ಕಾರಿನ ಕರಿಪಟ್ಟಿಯೂ

ಪ್ಲಾಸ್ಟಿಕ್ಕಿಗೆ ಸಾವಿಲ್ಲವೆಂದು ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನದ ಪಾಠ ಹೇಳಿದವನು ನಾನು. ಸಾವಿಲ್ಲ, ನಿಜ. ಆದರೆ ಅದಕ್ಕೆ ಮುಪ್ಪು ಬರುತ್ತದೆ, ಅದೂ ಮಾಲೀಕನ ಮರ್ಯಾದೆಯನ್ನು ಬೀದಿಗೆ ತರುವಂಥ ಮುಪ್ಪು, ಎಂಬುದು ನಾನು ಕಲಿಸಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೈದರಾಬಾದಿನ ಡಾಕ್ಟರೊಬ್ಬರು ಓಡಿಸಿ ಬಿಟ್ಟ ಬಿಳಿ ಕಾರೊಂದನ್ನು ಕೊಂಡಿದ್ದೆ. ಇಂಜಿನ್ನಿಗೆ ಕೆಮ್ಮಿಲ್ಲ, ತಗಡಿಗೆ ತುಕ್ಕಿಲ್ಲ. ನಮ್ಮ ಮನೆಯ ಮುಂದೆ ನೆರಳಿಗೆ ಒಂದು ಗಿಡವೂ ಇಲ್ಲದ್ದರಿಂದ ನಾಲ್ಕೈದು ಬೇಸಿಗೆ ಅದು ಬಿಸಿಲಿನಲ್ಲೇ ನಿಂತಿತು. ಕಬ್ಬಿಣ ತಡೆದುಕೊಂಡಿತು, ಗಾಜು ತಡೆದುಕೊಂಡಿತು, ಅದನ್ನು ದಿನಾ ಒರೆಸುವ ನನ್ನ ಬೋಳುತಲೆಯೂ ತಡೆದುಕೊಂಡಿತು. ಪ್ಲಾಸ್ಟಿಕ್ ಮಾತ್ರ ಕೈಕೊಟ್ಟಿತು. ಕರ್ರಗಿದ್ದ ಬಂಪರು ಬೂದಿ ಬಣ್ಣಕ್ಕೆ ತಿರುಗಿತು. ಬಾಗಿಲಿನ ಉದ್ದಕ್ಕೂ ಇದ್ದ ಕರಿಯ ಪಟ್ಟಿ ಬಾಗಿ, ಸೊಟ್ಟಗಾಗಿ, ಹೊರಗೆ ಚಾಚಿಕೊಂಡು ಇಳಿಯುವವರ ಸೆರಗು ಹಿಡಿದು ಎಳೆಯತೊಡಗಿತು. "ಏನ್ರಿ ಸರ, ಗಾಡಿಗೂ ಈಬತ್ತಿ ಹಚ್ಚೀರೇನು?" ಎಂದು ಹಾಲು ಹಾಕುವವನೂ ಕೇಳಿದ. ನಮ್ಮ ಊರಿನಲ್ಲಿ ಹಣೆಯ ಮೇಲಿನ ವಿಭೂತಿಗೆ ಗೌರವವಿದೆ, ಬಂಪರಿನ ಮೇಲಿನದ್ದಕ್ಕಿಲ್ಲ.

ಇಷ್ಟನ್ನು ನಾನು ಹೇಗೋ ನುಂಗಿಕೊಂಡಿರುತ್ತಿದ್ದೆ. ಅಷ್ಟರಲ್ಲಿ ಅಕ್ಕನ ಮಗಳು ಸುವರ್ಣಾಳಿಗೆ ಹುಮನಾಬಾದಿನ ಸಂಬಂಧ ಕೂಡಿಬಂತು. ಕಾರು ಮನೆಗೆ ಬಂದ ದಿನ ಆ ಹುಡುಗಿ ಇನ್ನೂ ಶಾಲೆ ಕಲಿಯುತ್ತಿದ್ದಳು. ಹಿಂದಿನ ಸೀಟಿನಲ್ಲಿ ಕುಣಿದು ಕೂತು, "ಮಾಮಾ, ನನ್ನ ಲಗ್ನ ಆದಮ್ಯಾಲ ನಾ ಈ ಗಾಡ್ಯಾಗೇ ಹೋಗಾಕಿ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ನನಗೆ ಮಕ್ಕಳಿಲ್ಲ. ಸೋದರಮಾವನಾಗಿ ಅವಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು, ನನ್ನ ಕಾರಿನಲ್ಲಿ ಗಂಡನ ಮನೆ ಮುಟ್ಟಿಸುವುದು, ಇವೆರಡೇ ನಾನು ಈ ಜನ್ಮದಲ್ಲಿ ಮಾಡಬಹುದಾದ ಕನ್ಯಾದಾನದ ಕೆಲಸ. ಹೀಗಿರುವಾಗ ಅಕ್ಕ ಒಂದು ದಿನ ಬಂದು, ಕಾರನ್ನು ಒಮ್ಮೆ ಸುತ್ತುಹಾಕಿ, ಜಗಲಿಯ ಮೇಲೆ ಕೂತಳು.

"ತಮ್ಮಾ, ಸಿಟ್ಟಿಗಿ ಬರಬ್ಯಾಡ. ಬೀಗರ ಕಡಿ ಹೊಸಾ ಜೀಪ್ ಅದ. ಸುವ್ವಿ ಅದರಾಗೇ ಹೋಗ್ಲಿ. ನೀ ಹಿಂದಿಂದ ಭಾಂಡಿ ಹಾಕ್ಕೊಂಡು ಬಾ."

"ನನ್ನ ಗಾಡಿಗಿ ಏನಾಗ್ಯದ?" ಎಂದೆ.

"ಲಗ್ನದಾಗ ಮಂದಿ ಮೊದಲ ಗಾಡಿ ನೋಡ್ತಾರಪಾ, ಆಮ್ಯಾಲ ಮದುಮಗಳ್ನ ನೋಡ್ತಾರ."

ಮೈಯೆಲ್ಲ ಉರಿದುಹೋಯಿತು. ಬೀಗರಿಗೆ ಕೊಡುವ ಕೊಡ ಕೊಪ್ಪರಿಗೆ ಹೊರುವುದಕ್ಕೆ ನನ್ನ ಕಾರು, ಹುಡುಗಿಯನ್ನು ಕೂರಿಸುವುದಕ್ಕೆ ಪರರ ಜೀಪು. ಮದುವೆಗೆ ಉಳಿದ ಹದಿನೈದು ದಿನದಲ್ಲಿ ಬಂಪರು, ಪಟ್ಟಿ ಎರಡೂ ಮೊದಲಿನಂತೆ ಮಾಡಿ ತೋರಿಸುತ್ತೇನೆ, ಆಗದಿದ್ದರೆ ಬಾಯಿ ಮುಚ್ಚಿಕೊಂಡು ಭಾಂಡಿಯನ್ನೇ ಹೇರುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟೆ.

ಕೊಟ್ಟ ಮೇಲೆ ಗೊತ್ತಾಯಿತು, ನನ್ನನ್ನು ಬಿಟ್ಟು ಊರಿನವರೆಲ್ಲ ಪ್ಲಾಸ್ಟಿಕ್ಕಿನ ವೈದ್ಯರೇ. ಎದುರು ಮನೆಯ ಯಜಮಾನರು ಕುಸುಬಿ ಎಣ್ಣೆ ತಿಕ್ಕಿರಿ ಎಂದರು. ತಿಕ್ಕಿದೆ. ಒಂದು ತಾಸು ಬಂಪರು ಮಿರಮಿರ ಮಿಂಚಿತು. ಆ ಸಂಭ್ರಮದಲ್ಲಿ ನಾರಾಯಣಪುರದವರೆಗೆ ಹೋಗಿ ಬಂದೆ. ದಾರಿಯ ಧೂಳೆಲ್ಲ ಎಣ್ಣೆಗೆ ಮೆತ್ತಿಕೊಂಡು, ಒಗ್ಗರಣೆಗೆ ಹಾಕಿದಂಥ ವಾಸನೆ ಬೇರೆ ಹೊಡೆಯಿತು. ಎರಡು ದಿನ ಓಣಿಯ ನಾಯಿಗಳು ಬಂಪರನ್ನು ನೆಕ್ಕುವುದಕ್ಕೆ ಬಂದವು. ಸೋಪಿನಿಂದ ತೊಳೆದರೆ ಬೂದಿ ಬಣ್ಣ ಇದ್ದಲ್ಲೇ ಇತ್ತು.

ಆಗ ನನ್ನೊಳಗಿನ ವಿಜ್ಞಾನಿ ಎದ್ದ. ನಮ್ಮ ಬೀದರ ಜಿಲ್ಲೆಯ ಬಿದರಿ ಕುಶಲಕರ್ಮಿಗಳು ಬೂದಿ ಬಣ್ಣದ ಸತುವಿನ ಹೂಜಿಯನ್ನು ಕೋಟೆಯ ಹಳೆಯ ಮಣ್ಣು, ನವಸಾಗರ ಕೂಡಿಸಿದ ಬಿಸಿನೀರಿನಲ್ಲಿ ಅದ್ದಿ ಕಾಡಿಗೆಯಂತೆ ಕಪ್ಪು ಮಾಡುತ್ತಾರೆ. ಹೂಜಿ ಕಪ್ಪಾಗುವುದಾದರೆ ಬಂಪರು ಯಾಕಾಗಬಾರದು? ಅವರು ತರುವುದು ಬೀದರ ಕೋಟೆಯ ಮಣ್ಣು, ಅದು ದೂರ. ನಮ್ಮ ಕಲ್ಯಾಣದ ಕೋಟೆ ಮನೆಯ ಹಿಂದೆಯೇ ಇದೆ, ಮೇಲಾಗಿ ಅದಕ್ಕಿಂತ ಹಳೆಯದು, ಆದ್ದರಿಂದ ಅದರ ಮಣ್ಣು ಇನ್ನೂ ಜೋರಾಗಿರಬೇಕು. ಹಿತ್ತಲ ಗಿಡ ಮದ್ದಲ್ಲ ಎನ್ನುವವರ ಬಾಯಿ ಮುಚ್ಚಿಸುತ್ತೇನೆಂದು ಚೀಲ ಹಿಡಿದು ಹೋಗಿ ಮಣ್ಣು ತಂದೆ. ಮನೆಯಲ್ಲಿ ಅದನ್ನು ಕುದಿಸುತ್ತಿದ್ದಾಗ ಹೆಂಡತಿ ಒಳಗೆ ಬಂದಳು.

"ಅದು ನನ್ನ ಹಾಲಿನ ಬೋಗೋಣಿ ಅಲ್ರಿ?"

"ಪ್ರಯೋಗ ನಡದದ," ಎಂದೆ.

"ಹಂಗಾರ ಇನ್ನ ಮ್ಯಾಲ ಚಹಾಕ್ಕೂ ಮಣ್ಣೇ ಹಾಕತೀನಿ ಬಿಡ್ರಿ" ಎಂದು ಹೋದಳು.

ಒಂದು ಮಧ್ಯಾಹ್ನ ಪೂರ್ತಿ ಆ ಕೆಸರನ್ನು ಬಂಪರಿಗೆ ತಿಕ್ಕಿದೆ. ಕೈ ಕಪ್ಪಾಯಿತು, ಬನಿಯನ್ ಕಪ್ಪಾಯಿತು, ಬೋಗೋಣಿ ಶಾಶ್ವತವಾಗಿ ಕಪ್ಪಾಯಿತು. ಬಂಪರು ಮಾತ್ರ ಮರಳಿನ ತಿಕ್ಕಾಟಕ್ಕೆ ಗೀರುಬಿದ್ದು ಮೊದಲಿಗಿಂತ ಬೆಳ್ಳಗಾಯಿತು. ಲೋಹಕ್ಕೆ ಆಗುವುದು ಪ್ಲಾಸ್ಟಿಕ್ಕಿಗೆ ಆಗುವುದಿಲ್ಲ ಎಂದು ಎಂಟನೆಯ ಇಯತ್ತೆಯ ಹುಡುಗರಿಗೆ ಬೆತ್ತ ಹಿಡಿದು ಕಲಿಸಿದವನು ನಾನೇ.

ಮದುವೆಗೆ ಮೂರು ದಿನ ಉಳಿದಾಗ, ಹುಮನಾಬಾದಿನಲ್ಲಿ ಮಾಣಿಕನಗರದ ದಾರಿಗೆ ಒಡೆದ ಬಕೀಟು, ಕೊಡ, ಕುರ್ಚಿ ಬೆಸೆಯುವ ಮಹಬೂಬ್ ಚಾಚಾನ ಹತ್ತಿರ ಹೋದೆ. ನಡೆದದ್ದನ್ನೆಲ್ಲ ಹೇಳಬಾರದೆಂದಿದ್ದೆ. ಆದರೆ ಅವನು ಬಂಪರಿನ ಮೇಲೆ ಉಗುರು ಎಳೆದು, "ಇದಕ್ಕ ಮಣ್ಣು ತಿಕ್ಕೀರೇನ್ರಿ?" ಎಂದ.

"ಹೌದು."

"ಸರ, ನೀವು ಏನ್ ಕೆಲಸ ಮಾಡ್ತೀರಿ?"

"ವ್ಯಾಪಾರ" ಎಂದೆ. ಹೈಸ್ಕೂಲಿನ ಮಾನ ಉಳಿಯಿತು.

ಚಾಚಾ ಪಟ್ಟಿಯನ್ನು ಬಿಚ್ಚಿ, ಕುದಿಯುವ ನೀರಿನ ತಗಡಿನ ತೊಟ್ಟಿಯಲ್ಲಿ ಮುಳುಗಿಸಿದ. ಅದು ಬೇಯಿಸಿದ ನುಗ್ಗೆಕಾಯಿಯಂತೆ ಮೆತ್ತಗಾದಾಗ ಹಾಸುಗಲ್ಲಿನ ಮೇಲೆ ಮಲಗಿಸಿ ಮೇಲೊಂದು ಕಲ್ಲು ಹೇರಿದ. ಆಮೇಲೆ ಪಂಪ್ ಹೊಡೆದು ಹೊತ್ತಿಸುವ ಬೆಂಕಿಯ ದೀಪವನ್ನು ಹಿಡಿದು ಸೀದಾ ನನ್ನ ಬಂಪರಿನ ಕಡೆ ಬಂದ. ನಾನು ಅವನ ಕೈ ಹಿಡಿದೆ. "ಬಿಡ್ರಿ ಸರ, ಬಿಸಲು ನಿಧಾನ ಸುಡತದ, ನಾ ಲಗೂನ ಸುಡತೀನಿ" ಎಂದ. ಬೆಂಕಿ ಸವರಿದ ಕಡೆಯೆಲ್ಲ ಬೂದಿ ಬಣ್ಣ ಹೋಗಿ ಹೊಸ ಕಪ್ಪು ಎದ್ದುಬಂತು. ನೋಡುತ್ತ ನೋಡುತ್ತ ನನಗೆ ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಬಂತು. ಹನ್ನೆರಡು ದಿನ ನಾನು ಪಟ್ಟ ಪಾಡು ಅವನಿಗೆ ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ.

ಏನೇ ಇರಲಿ, ಕಾರು ಕಾಗೆಯಷ್ಟು ಕರಿಯ ಬಂಪರು, ಗೆರೆ ಎಳೆದಂಥ ಪಟ್ಟಿ ತೊಟ್ಟು ಬಸವಕಲ್ಯಾಣಕ್ಕೆ ಮರಳಿತು. ಮದುವೆಯ ಬೆಳಿಗ್ಗೆ ಅದನ್ನು ಅಕ್ಕನ ಮನೆಯ ಮುಂದೆ ನಿಲ್ಲಿಸಿ, ಮೀಸೆ ತಿರುವಿ, ಮಂಟಪದ ಕೆಲಸಕ್ಕೆ ಹೋದೆ. ಅಕ್ಷತೆ ಬಿದ್ದು ಊಟ ಮುಗಿಸಿ ಬಂದರೆ ಕಾರೇ ಕಾಣಲಿಲ್ಲ. ಚೆಂಡುಹೂವಿನ ಒಂದು ಗುಡ್ಡ ನಿಂತಿತ್ತು. ಬಾಗಿಲ ಪಟ್ಟಿಯ ಮೇಲೆ ಸಾಲು ಸಾಲು ಮಾಲೆ, ಬಂಪರಿಗೆ ಜರಿಯ ಬಟ್ಟೆ.

"ಅಕ್ಕ, ಪಟ್ಟಿ ಕಾಣಾಕತ್ತಿಲ್ಲಲ್ಲ?"

"ಕಾಣಬಾರದಂತನೇ ಕಟ್ಟಿಸೀನಪಾ. ನೀ ಜೀಪ್ ಬ್ಯಾಡಂದಿ, ಸುವ್ವೀನೂ ಹಟ ಹಿಡದಳು. ಮತ್ತೇನ್ ಮಾಡ್ಲಿ?"

ಅವಳು ಬಗ್ಗಿ ನೋಡಿಯೂ ಇರಲಿಲ್ಲ. ಯಾರೂ ನೋಡಿರಲಿಲ್ಲ. ನಾಲ್ಕು ಮಂದಿಯ ಮುಂದೆ ಹೂವು ಕಿತ್ತೊಗೆಯುವುದು ಹೇಗೆ? ಹಲ್ಲು ಕಚ್ಚಿಕೊಂಡು ಗಾಡಿ ಬಿಟ್ಟೆ. ಹಿಂದೆ ಸುವರ್ಣಾ ಸೆರಗಿನಲ್ಲಿ ಮುಖ ಮುಚ್ಚಿ ಕೂತಿದ್ದಳು. ಅವಳ ಪಕ್ಕದಲ್ಲಿ ಮದುಮಗ ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಆಗಲೇ ಗೊರಕೆ ಹೊಡೆಯುತ್ತಿದ್ದ. ರಾಜೇಶ್ವರ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ಇಂಜಿನ್ ಕಾದಿದೆ ಎಂದು ಸುಳ್ಳು ಹೇಳಿ ಇಳಿದೆ. ಹುಮನಾಬಾದಿನ ಬೀಗರಾದರೂ ನೋಡಲೆಂದು ಬಾಗಿಲಿನ ಮಾಲೆಗಳನ್ನು ಒಂದೊಂದಾಗಿ ಬಿಚ್ಚಿದೆ. ಒಳಗಿನ ಕರಿಪಟ್ಟಿ ನೆಟ್ಟಗೆ, ಮಿಂಚುತ್ತ ನಿಂತಿತ್ತು. ಅದನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸುತ್ತಿದ್ದಾಗ ನನ್ನ ಹದಿನೈದು ದಿನದ ಸಂಕಟವೆಲ್ಲ ಒತ್ತಿ ಬಂದು ಕಣ್ಣು ತುಂಬಿದವು. ಅಷ್ಟರಲ್ಲಿ ಕಿಟಕಿಯ ಗಾಜು ಇಳಿಯಿತು.

"ಮಾಮಾ," ಎಂದಳು ಸುವರ್ಣಾ. ಅವಳ ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು. "ನಾ ಹೊಂಟೀನಂತ ಇಲ್ಲಿ ನಿಂತು ಒಬ್ಬಾವ್ನೇ ಅಳಾಕತ್ತೀರಿ? ನೀವೇ ಹಿಂಗ ಅತ್ರ ನಾ ಹ್ಯಾಂಗ ಹೋಗ್ಲಿ?"

ಹೌದವ್ವಾ, ನೀ ಹೊಂಟೀಯಲ್ಲ ಎಂದೆ. ಅಂದ ಕೂಡಲೇ ಅದು ನಿಜವೇ ಅನಿಸಿ ಇನ್ನೊಂದಿಷ್ಟು ಅತ್ತೆ. ಅವಳು ಕಿಟಕಿಯಿಂದ ಕೈ ಚಾಚಿ ನನ್ನ ಕಣ್ಣೊರೆಸಿದಳು. ಬಿಚ್ಚಿದ ಮಾಲೆಗಳನ್ನು ಮಾತ್ರ ನಾನು ಮತ್ತೆ ಕಟ್ಟಲಿಲ್ಲ.